ಬಜಾರಿಗೊಬ್ಬಳು ನೆಗೆಣ್ಣಿ

ಆ ದಿನ ಬೆಳಿಗ್ಗೆ ಎಸರು ಕುದಿಯುವುದು ತಡವಾಯಿತು. ತೊಗರಿ ಕಟ್ಟಿಗೆ ಮಳೆಗೆ ನೆನೆದಿತ್ತು, ಒಲೆ ಬರೀ ಹೊಗೆ ಕಾರುತ್ತಿತ್ತು. ಅಕ್ಕ ಕಣ್ಣೊರೆಸಿಕೊಳ್ಳುತ್ತ ಮಳೆಯನ್ನು ಬೈದಳು, ಕಟ್ಟಿಗೆಯನ್ನು ಹೊರಗೇ ಬಿಟ್ಟ ಭಾವನನ್ನು ಬೈದಳು, ಒಲೆಯನ್ನೂ ಬೈದಳು. ಬೈಗುಳ ಮುಗಿದ ಮೇಲೆ ಪರಾತಿನ ಮುಂದೆ ಕುಳಿತು, ಜೋಳದ ಹಿಟ್ಟಿಗೆ ಎಸರು ಸುರಿದು ಕಲೆಸುತ್ತ ಅಂದಳು:

“ನಿನ್ನಿ ನಮ್ಮ ಬಜಾರಿ ಎದ್ಯಾಗ ಒಂದು ಗಂಟ ಸಿಕ್ಕೈತಿ ನೋಡ್ರಿ.”

ನಾವು ಮೂವರೂ ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಮುಖ ನೋಡಿದೆವು.

ಬಜಾರಿ ಅಂದರೆ ಟಿವಿಯವಳು. ದಿನಾ ಸಂಜೆ ಬರುತ್ತಿದ್ದ ಒಂದು ಧಾರಾವಾಹಿಯ ನಾಯಕಿ. ಅವಳಿಗೆ ಕಥೆಯಲ್ಲಿ ಒಳ್ಳೆಯ ಹೆಸರೇ ಇತ್ತು, ಆದರೆ ನಮ್ಮ ಶೆಡ್ಡಿನಲ್ಲಿ ಆ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಗಂಟಲು ದೊಡ್ಡದು ಮಾಡಿ ಊರನ್ನೆಲ್ಲ ಬೈಯುವ ಹೆಂಗಸಿಗೆ ನಮ್ಮ ಕಡೆ ಬಜಾರಿ ಅನ್ನುತ್ತಾರೆ. ಅವಳಿಗೆ ಅದೇ ಸರಿಹೋಯಿತು.

ಕೊಪ್ಪಳದಲ್ಲಿ ನಮ್ಮದು ಖಡಕ್ ರೊಟ್ಟಿ ಮಾಡಿ ಮಾರುವ ಮನೆ. ಭಾವನೂ ನನ್ನ ಗಂಡನೂ, ಅಣ್ಣ ತಮ್ಮಂದಿರು, ಬೇರೆಯಾದ ಮೇಲೆ ಒಂದು ಮನೆ ಎರಡಾಗಿ ನಡುವೆ ಗೋಡೆ ಎದ್ದಿತು. ಹಿತ್ತಲಿಗೆ ಮಾತ್ರ ಗೋಡೆ ಹಾಕಲು ಅಕ್ಕ ಬಿಡಲಿಲ್ಲ. ಆ ಹಿತ್ತಲಿನಲ್ಲೇ ತಗಡಿನ ಶೆಡ್ಡು, ಸಾಲಾಗಿ ಒಲೆಗಳು. ಯಲಬುರ್ಗಾ ಕಡೆಯಿಂದ ಬಿಳಿಜೋಳ ಬರುತ್ತಿತ್ತು, ರೊಟ್ಟಿಯಾಗಿ ಗಂಗಾವತಿಯ ಖಾನಾವಳಿಗಳಿಗೆ ಹೋಗುತ್ತಿತ್ತು. ಭತ್ತ ಬೆಳೆಯುವ ಊರಿನವರು ಅನ್ನ ಉಂಡು ಉಂಡು ಬೇಸತ್ತು ನಮ್ಮ ರೊಟ್ಟಿ ಕೇಳುತ್ತಾರೆ ಅಂತ ಅಕ್ಕ ಹೆಮ್ಮೆ ಪಡುತ್ತಿದ್ದಳು. ವ್ಯಾಪಾರ ಅವಳದು. ಭಾವ ಮಾತು ಕಡಿಮೆಯ ಮನುಷ್ಯ, ಗೂಡ್ಸ್ ಆಟೋದಲ್ಲಿ ರೊಟ್ಟಿಯ ಡಬ್ಬಿ ಸಾಗಿಸುತ್ತಿದ್ದ.

ಅವಳು ನನ್ನ ಸ್ವಂತ ಅಕ್ಕ ಅಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನಗೆ ನೆಗೆಣ್ಣಿ. ನೆಗೆಣ್ಣಿಯರು ಅಂದರೆ ಜಗಳ ಅಂತಲೇ ನಮ್ಮ ಕಡೆ ಲೆಕ್ಕ. ನಾನು ಕುಷ್ಟಗಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಬಹಳ ಹೆದರುತ್ತಿದ್ದೆ. ನಾನು ಬಡಿದ ಮೊದಲ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, ಇದು ರೊಟ್ಟಿಯೋ ಜರಡಿಯೋ ಅಂತ ಕೇಳಿದ್ದಳು. ಆಮೇಲೆ ಅದನ್ನು ತಾನೇ ತಿಂದಳು, ಯಾರಿಗೂ ತೋರಿಸಲಿಲ್ಲ. ಅವಳು ಇದ್ದಾಗ ‘ರೀ’ ಹಚ್ಚದೆ ಮಾತಾಡಿದವಳಲ್ಲ ನಾನು. ಈಗ ಬರೆಯಲು ಕುಳಿತರೆ ‘ಅವಳು’ ಅಂತಲೇ ಬರುತ್ತದೆ. ತಿದ್ದಿಲ್ಲ.

ಶೆಡ್ಡಿನಲ್ಲಿ ನಾವಿಬ್ಬರಲ್ಲದೆ ಇನ್ನಿಬ್ಬರಿದ್ದರು. ಒಬ್ಬಳು ವಯಸ್ಸಾದವಳು, ಅವಳನ್ನು ಎಲ್ಲರೂ ಆಯಿ ಅನ್ನುತ್ತಿದ್ದೆವು. ಇನ್ನೊಬ್ಬಳು ಶ್ರೀರಾಮನಗರದಿಂದ ಮದುವೆಯಾಗಿ ಬಂದವಳು. ಕಾಲುವೆಯ ಕೆಳಗಿನ ತೆಲುಗರ ಊರುಗಳಿಗೆ ಕ್ಯಾಂಪ್ ಅನ್ನುವುದು ರೂಢಿ, ಹಾಗಾಗಿ ಅವಳು ಕ್ಯಾಂಪಿನಾಕಿ. ಕೊಪ್ಪಳಕ್ಕೆ ಬಂದ ಮೇಲೆಯೇ ರೊಟ್ಟಿ ಬಡಿಯಲು ಕಲಿತಳು, ನಮ್ಮೆಲ್ಲರಿಗಿಂತ ತೆಳ್ಳಗೆ ಬಡಿಯುತ್ತಿದ್ದಳು.

ಧಾರಾವಾಹಿಯನ್ನು ನೋಡುತ್ತಿದ್ದವಳು ಅಕ್ಕ ಒಬ್ಬಳೇ. ಆಯಿಯ ಮನೆಯಲ್ಲಿ ಟಿವಿ ಕೆಟ್ಟು ಮೂಲೆ ಸೇರಿತ್ತು. ಕ್ಯಾಂಪಿನಾಕಿಯ ಅತ್ತೆ ತೆಲುಗು ಬಿಟ್ಟರೆ ಬೇರೆ ಹಾಕಗೊಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ರಿಮೋಟ್ ನನ್ನ ಗಂಡನ ಕೈಯಲ್ಲಿ, ಅವನಿಗೆ ಕ್ರಿಕೆಟ್ ಇರಬೇಕು, ಇಲ್ಲದಿದ್ದರೆ ಸುದ್ದಿ. ಮೊಬೈಲಿನಲ್ಲಿ ನೋಡಬಹುದಿತ್ತು. ಆದರೆ ಅಕ್ಕನ ಬಾಯಲ್ಲಿ ಕೇಳುವುದೇ ಚೆನ್ನಾಗಿದ್ದಾಗ ನೋಡುವ ಆಸೆ ಯಾರಿಗೂ ಉಳಿಯಲಿಲ್ಲ. ರೊಟ್ಟಿ ಬಡಿಯುವಾಗ ಕೈ ಬಿಡುವಿರುವುದಿಲ್ಲ, ಕಣ್ಣೂ ಬಿಡುವಿರುವುದಿಲ್ಲ; ಕಿವಿ ಮಾತ್ರ ಖಾಲಿ ಇರುತ್ತದೆ.

ಹಿಂದಿನ ಸಂಜೆಯ ಕಂತನ್ನು ಅವಳು ಮರುದಿನ ಬೆಳಿಗ್ಗೆ ಬಡಿತದ ಮೇಲೆ ಹೇಳುತ್ತಿದ್ದಳು. ಜಗಳ ಬಂದರೆ ಅಂಗೈ ಜೋರು, ಅಳು ಬಂದರೆ ಮೆಲ್ಲಗೆ. ಬಜಾರಿ ಸುಳ್ಳು ಹೇಳುವ ಮುಂಚೆ ಒಂದು ಗಳಿಗೆ ಬಡಿತವೇ ನಿಲ್ಲುತ್ತಿತ್ತು. ಆಗ ನಮ್ಮ ಕೈಗಳೂ ನಿಂತು, ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಸೀದ ರೊಟ್ಟಿಯೆಲ್ಲ ಬಜಾರಿಯ ಪಾಲು ಅಂತ ಆಯಿ ಒಂದು ಬುಟ್ಟಿಯನ್ನೇ ಬೇರೆ ಇಟ್ಟಿದ್ದಳು. ಪರಾತಿನ ಹಿಟ್ಟು ತೀರುವ ಹೊತ್ತಿಗೆ ಸರಿಯಾಗಿ ಅಕ್ಕ ಕಂತನ್ನೂ ಮುಗಿಸುತ್ತಿದ್ದಳು. ಕೈ ತೊಳೆದುಕೊಳ್ಳುತ್ತ, “ಹಿಟ್ಟು ಮುಗೀತು, ಏಳ್ರಿ” ಅನ್ನುವಳು. ಅದರ ಮೇಲೆ ಒಂದು ಮಾತೂ ಹೇಳುತ್ತಿರಲಿಲ್ಲ, ಎಷ್ಟು ಕಾಡಿದರೂ.

ಬಜಾರಿಗೆ ಸಿಟಿಯಲ್ಲಿ ಬ್ಯೂಟಿ ಪಾರ್ಲರ್ ಇತ್ತು. ಬಂದ ಹೆಣ್ಣುಮಕ್ಕಳಿಗೆಲ್ಲ ನಿನ್ನ ಮೂಗು ಸರಿ ಇಲ್ಲ, ನಿನ್ನ ಗಂಡ ಬೇರೆಯವಳನ್ನು ನೋಡಿಕೊಳ್ಳುತ್ತಾನೆ ಅಂತ ಹೆದರಿಸಿ ಕೆಲಸ ತೆಗೆಯುತ್ತಿದ್ದಳು. ತಂಗಿಯ ನಿಶ್ಚಯವನ್ನು ಮುರಿದಳು, ಅತ್ತೆಯ ಹುಟ್ಟಿದ ದಿನಕ್ಕೆ ಅತ್ತೆಯದೇ ಸೀರೆಯನ್ನು ಕಾಗದ ಸುತ್ತಿ ಕೊಟ್ಟಳು, ಗಂಡನನ್ನು ಹೆಸರು ಹಿಡಿದು ಕರೆದಳು. ತಾಳಿ ಕಟ್ಟಿಕೊಂಡರೆ ಕೊರಳಿಗೆ ನವೆ ಬರುತ್ತದೆ ಅಂತ ಬಿಚ್ಚಿಟ್ಟಿದ್ದಳು. ಇದನ್ನೆಲ್ಲ ಕೇಳಿ ನಾವು ಮೂವರು ಅವಳನ್ನು ಬೈಯುತ್ತಿದ್ದೆವು. ಅಕ್ಕ ಮಾತ್ರ ಅವಳ ಕಡೆ. ಅಕ್ಕನಿಗೂ ಓಣಿಯಲ್ಲಿ ಅಂಥ ಒಳ್ಳೆಯ ಹೆಸರಿರಲಿಲ್ಲ. ಹಾಲಿಗೆ ನೀರು ಹಾಕಿದವನನ್ನು ಓಣಿಯ ತುದಿಯವರೆಗೆ ಬೈದುಕೊಂಡು ಹೋಗುವಳು, ಯಾರ ಮನೆಯ ಮದುವೆಗೆ ಹೋದರೂ ಸಾರಿಗೆ ಉಪ್ಪು ಕಡಿಮೆ ಅಂತ ಅಲ್ಲೇ ಹೇಳುವಳು. ಟಿವಿಯಲ್ಲಿ ಒಬ್ಬಳಾದರೂ ತನ್ನಂಥವಳು ಸಿಕ್ಕಳು ಅಂತ ಅವಳಿಗೆ ಖುಷಿ ಇತ್ತು ಅನ್ನಿಸುತ್ತದೆ.

ಆ ಬೆಳಿಗ್ಗೆ ಅವಳು ಹೇಳಿದ ಕಂತು ಹೀಗಿತ್ತು. ಬಜಾರಿ ಹೊಸ ಜಂಪರು ಹೊಲಿಸಿಕೊಂಡು ಬಂದು ಕನ್ನಡಿ ಮುಂದೆ ನಿಂತು ತೊಡುತ್ತಾಳೆ. ಎದೆಯ ಪಕ್ಕದಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಅವಳು ಮೊದಲು ಮಾಡುವ ಕೆಲಸ ಅಂದರೆ ಟೇಲರಿಗೆ ಫೋನ್ ಹಚ್ಚಿ, ಜಂಪರಿನೊಳಗೆ ಗುಂಡಿ ಬಿಟ್ಟು ಹೊಲಿದಿದ್ದೀಯಾ ಅಂತ ಬೈಯುವುದು. ಬೈಯುತ್ತ ಬೈಯುತ್ತ ಜಂಪರು ಬಿಚ್ಚಿ ಝಾಡಿಸುತ್ತಾಳೆ. ಗುಂಡಿ ಇಲ್ಲ. ಮತ್ತೆ ಕೈ ಹಾಕಿ ನೋಡಿಕೊಳ್ಳುತ್ತಾಳೆ. ಫೋನಿನಲ್ಲಿ ಟೇಲರು ಹಲೋ ಹಲೋ ಅನ್ನುತ್ತಲೇ ಇರುತ್ತಾನೆ.

ಇಲ್ಲಿ ಅಕ್ಕನ ಬಡಿತ ನಿಂತಿತು.

“ಸತ್ತರ ಸಾಯಲಿ ಬಿಡ್ರಿ ಅಕ್ಕಾ,” ಅಂದಳು ಕ್ಯಾಂಪಿನಾಕಿ. “ಆ ಮನಿ ಮಂದಿಯೆರ ನಿದ್ದಿ ಮಾಡ್ತಾರ.”

ಎಲ್ಲರೂ ನಕ್ಕೆವು. ಅಕ್ಕ ನಮಗಿಂತ ಜೋರಾಗಿ ನಕ್ಕಳು. ಹೊಗೆ ಹೋಗಿ ಒಲೆ ಹತ್ತಿತ್ತು, ಮಳೆ ನಿಂತಿತ್ತು. ಆ ದಿನದ ರೊಟ್ಟಿ ಬಹಳ ಚೆನ್ನಾಗಿ ಬಂದವು. ಅದೇ ನಮ್ಮ ಕೊನೆಯ ಸಾದಾ ದಿನ ಅಂತ ಈಗ ಹೇಳಬಲ್ಲೆ, ಆಗ ಗೊತ್ತಾಗಲಿಲ್ಲ.

ಮುಂದಿನ ವಾರ ಅವಳು ಗಂಗಾವತಿಗೆ ಹೋದಳು. ಹೊಸ ಖಾನಾವಳಿ ಆಗಿದೆ, ಗಿರಾಕಿ ಹಿಡಿದು ಬರುತ್ತೇನೆ ಅಂದಳು. ಅವಳು ಹಾಗೆ ಹೋಗಿ ಬರುವುದು ರೂಢಿಯೇ ಆಗಿತ್ತು, ಯಾರೂ ಏನೂ ಕೇಳಲಿಲ್ಲ. ಬಂದ ಮೇಲೆ ಕಥೆ ನಿಧಾನವಾಯಿತು. ಮೊದಲು ಒಂದು ಬೆಳಿಗ್ಗೆಗೆ ಒಂದು ಜಗಳ, ಒಂದು ಸುಳ್ಳು, ಒಂದು ಅಳು ಇರುತ್ತಿತ್ತು. ಈಗ ಬಜಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಳು ಅಂದರೆ ಹಿಟ್ಟು ತೀರುವವರೆಗೆ ಅಲ್ಲೇ ಕುಳಿತಿರುವಳು. ಪಕ್ಕದಲ್ಲಿ ಯಾರು ಕುಳಿತಿದ್ದರು, ಅವರು ಬಟ್ಟೆಯ ಚೀಲದಲ್ಲಿ ಏನು ತಂದಿದ್ದರು, ನರ್ಸಮ್ಮನ ಚಪ್ಪಲಿ ಹೇಗೆ ಸದ್ದು ಮಾಡುತ್ತಿತ್ತು, ಇಂಥದನ್ನೆಲ್ಲ ಹೇಳುವಳು. ಆಯಿಗೆ ಬೇಸರ. ಇದೇನವ್ವ, ಟಿವಿಯವರಿಗೆ ರೊಕ್ಕ ತೀರಿತೇನು, ಒಂದೇ ಕಡೆ ಕೂಡ್ರಿಸಿದ್ದಾರಲ್ಲ ಅಂತ ಗೊಣಗಿದಳು.

ಆಮೇಲೆ ಮಷೀನಿನ ಕಂತು ಬಂತು. ತಂಪು ಹಲಗೆ ಎರಡು ಇರುತ್ತವಂತೆ. ಎದೆಯನ್ನು ಅವುಗಳ ನಡುವೆ ಇಟ್ಟು ಒತ್ತುತ್ತಾರಂತೆ, ನಾವು ಹಿಟ್ಟಿನ ಉಂಡೆಯನ್ನು ಒತ್ತಿದ ಹಾಗೆ. ಅದಕ್ಕೂ ಮೊದಲು ಮೈಮೇಲಿನ ಬಂಗಾರ ತೆಗೆಯಬೇಕು. ಬಜಾರಿ ತಾಳಿ ಬಿಚ್ಚಿದಳು. ಎಲ್ಲಿಡಬೇಕು ತಿಳಿಯಲಿಲ್ಲ. ನರ್ಸಮ್ಮನ ಕೈಗೆ ಕೊಡಲು ಮನಸ್ಸಾಗಲಿಲ್ಲ, ಕುರ್ಚಿಯ ಮೇಲೆ ಇಡಲು ಹೆದರಿಕೆ. ಕೊನೆಗೆ ಸೆರಗಿನ ತುದಿಯಲ್ಲಿ ಗಂಟು ಹಾಕಿ ಆ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ನಿಂತಳು. ಫೋಟೋ ತೆಗೆಯುವವಳು ಉಸಿರು ಹಿಡೀರಿ ಅಂದರೆ ಹೂಂ ಅನ್ನಲೂ ಬಾಯಿ ಇಲ್ಲ.

ನಾವು ನಕ್ಕು ನಕ್ಕು ಸಾಕಾದೆವು. ಅಷ್ಟು ಬಾಯಿಯವಳಿಗೆ ಬಾಯಿ ಕಟ್ಟಿದ ಮಷೀನು ಯಾವುದು ಅಂತ ಕ್ಯಾಂಪಿನಾಕಿ ಕಣ್ಣೀರು ಬರುವ ಹಾಗೆ ನಕ್ಕಳು.

ಅವತ್ತು ಅಕ್ಕ ಒಂದು ಪ್ರಶ್ನೆ ಕೇಳಿದಳು. ಮೊದಲು ಯಾವತ್ತೂ ಕಥೆಯ ನಡುವೆ ನಮ್ಮನ್ನು ಕೇಳಿದವಳಲ್ಲ.

“ಡಾಕ್ಟರ್ ಆಪರೇಶನ್ ಮಾಡಸ್ಕೋ ಅಂದಾರ. ಆಕಿ ಇನ್ನೂ ಮನ್ಯಾಗ ಹೇಳಿಲ್ಲ. ಏನ ಮಾಡಬೇಕ್ರಿ ಆಕಿ?”

ಕ್ಯಾಂಪಿನಾಕಿ ತನ್ನ ಹಳೆಯ ಮಾತನ್ನೇ ಇನ್ನೂ ಉದ್ದ ಮಾಡಿ ಹೇಳಿದಳು. ಅಂಥವಳು ಇದ್ದರೆಷ್ಟು ಬಿಟ್ಟರೆಷ್ಟು, ತಂಗಿಯ ಮದುವೆಯಾದರೂ ಆದೀತು ಅಂದಳು. ನಾನೂ ಸೇರಿ ಏನೋ ಅಂದೆ. ಆಯಿ ಮಾತ್ರ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಸವರುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದಳು.

“ಹಂಗ ಅನಬಾರದು. ಬೈಯಾಕಿ ಇದ್ದರನ ಮನಿ ಮನಿ ಅನಸ್ತೈತಿ,” ಅಂದಳು. ಅಲ್ಲೇ ಕೈ ಒರೆಸಿಕೊಂಡು ಹುಲಿಗಿಯ ದಿಕ್ಕಿಗೆ ಕೈ ಮುಗಿದಳು. ಆ ಬಜಾರಿ ನೆಟ್ಟಗಾಗಿ ಮನೆಗೆ ಬಂದರೆ ಬಂದು ನಿನ್ನ ಉಡಿ ತುಂಬುತ್ತೇನೆ ತಾಯಿ ಅಂತ ಹುಲಿಗೆಮ್ಮನಿಗೆ ಬೇಡಿಕೊಂಡಳು. ಟಿವಿಯವಳಿಗೆ ಹರಕೆ ಹೊತ್ತ ಮೊದಲ ಹೆಂಗಸು ನೀನೇ ಅಂತ ನಾವು ಚೇಷ್ಟೆ ಮಾಡಿದೆವು. ಅಕ್ಕ ನಗಲಿಲ್ಲ. “ಹಿಟ್ಟು ಮುಗೀತು, ಏಳ್ರಿ” ಅಂದಳು. ಹೌದು, ಮುಗಿದಿತ್ತು.

ಕೆಲವು ದಿನಗಳ ಮೇಲೆ ಗಂಗಾವತಿಯಾಚೆಯ ಸಿದ್ದಾಪುರದಲ್ಲಿ ನನ್ನ ಸೋದರಮಾವನ ಬಸುರಿ ಮಗಳ ಕುಬಸ ಇತ್ತು. ಹೋದೆ. ಉಡಿ ತುಂಬಿ, ಆರತಿ ಮಾಡಿ, ಉಂಡು ಮುಗಿಯುವಾಗ ಸಂಜೆಯಾಗಿತ್ತು. ಹೆಂಗಸರೆಲ್ಲ ಟಿವಿ ಮುಂದೆ ಕುಳಿತಿದ್ದರು. ಅದೇ ಧಾರಾವಾಹಿ ಬಂತು. ಇಷ್ಟು ದಿನ ಕಿವಿಯಿಂದ ನೋಡಿದವಳನ್ನು ಅವತ್ತು ಕಣ್ಣಿಂದ ನೋಡಿದೆ. ಪ್ಯಾಂಟು ತೊಟ್ಟಿದ್ದಳು, ಯಾರದೋ ಮದುವೆಯಲ್ಲಿ ಕುಣಿಯುತ್ತಿದ್ದಳು, ಕುಣಿಯುತ್ತಲೇ ಅಡುಗೆಯವನನ್ನು ಬೈಯುತ್ತಿದ್ದಳು.

ಇವಳಿಗೆ ಗಂಟು ಆಗಿತ್ತಲ್ಲ, ಆಪರೇಶನ್ ಆಯಿತಾ ಅಂತ ಪಕ್ಕದವರನ್ನು ಕೇಳಿದೆ. ಅವರು ನನ್ನ ಕಡೆ ನೋಡಿ ನಕ್ಕರು. ಅದು ಎಂದೋ ಮುಗಿಯಿತು, ಬರೀ ಕೊಬ್ಬಿನ ಗಂಟು ಅಂತ ರಿಪೋರ್ಟ್ ಬಂತು, ಆದರೂ ಇವಳು ಸಾಯುವವಳ ಹಾಗೆ ಮಲಗಿ ಅತ್ತೆಯ ಕೈಯಿಂದ ಕಾಲು ಒತ್ತಿಸಿಕೊಂಡಳು, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು ಅಂದರು.

ಮರುದಿನ ಬಸ್ಸಿನಲ್ಲಿ ಬರುವಾಗ ಮೊದಲು ನನಗೂ ನಗುವೇ ಬಂತು. ಅಕ್ಕ ನಮ್ಮನ್ನು ಎಷ್ಟು ಚೆನ್ನಾಗಿ ಏಮಾರಿಸಿದಳಲ್ಲ, ಹೋಗಿ ಹಿಡಿಯಬೇಕು ಅಂದುಕೊಂಡೆ. ಕಾಲುವೆ, ನಾಟಿ ಮಾಡಿದ ಗದ್ದೆ, ರೈಸ್ ಮಿಲ್ಲಿನ ಚಿಮಣಿ ಹಿಂದೆ ಹೋಗುತ್ತಿದ್ದವು. ಗಂಗಾವತಿ ಬಂತು. ಬಸ್ ನಿಲ್ದಾಣದ ಹತ್ತಿರ ಒಬ್ಬ ಹೆಂಗಸು ದೊಡ್ಡ ಕಾಗದದ ಲಕೋಟೆಯನ್ನು, ಎಕ್ಸರೇ ಇಡುತ್ತಾರಲ್ಲ ಅಂಥದನ್ನು, ಎದೆಗೆ ಅವಚಿಕೊಂಡು ನಿಂತಿದ್ದಳು. ಆಗ ನನಗೆ ತಾಳಿ ನೆನಪಾಯಿತು. ಟಿವಿಯವಳ ಕೊರಳಲ್ಲಿ ತಾಳಿಯೇ ಇರಲಿಲ್ಲ. ಅದನ್ನು ಅಕ್ಕನೇ ಹಿಂದೆ ನಮಗೆ ಹೇಳಿದ್ದಳು. ನಾನು ನೋಡಿದಾಗ ಸೀರೆಯನ್ನೂ ಉಟ್ಟಿರಲಿಲ್ಲ. ಸೆರಗಿನಲ್ಲಿ ತಾಳಿ ಕಟ್ಟಿ ಹಲ್ಲಿನಲ್ಲಿ ಕಚ್ಚಿ ನಿಂತವಳು ಬೇರೆ ಯಾರೋ.

ಆಮೇಲೆ ಒಂದೊಂದಾಗಿ ಬಂದವು. ಈಚೆಗೆ ಅಕ್ಕ ಬಡಿಯುವುದನ್ನು ಬಿಟ್ಟು ಹಂಚಿನ ಮುಂದೆ ಕುಳಿತಿದ್ದಳು, ಬಲ ತೋಳು ಉಳುಕಿದೆ ಅಂದಿದ್ದಳು. ಪರೀಕ್ಷೆಗೆ ಅಂತ ಗಂಟಿನೊಳಗೆ ಸೂಜಿ ಹಾಕಿ ತೆಗೆದ ಮೇಲೆ ಬಜಾರಿಗೆ ಕೈ ಎತ್ತಲು ಬರಲಿಲ್ಲ ಅಂತಲೂ ಹೇಳಿದ್ದಳು. ಹೊಸ ಖಾನಾವಳಿಗೆ ಇನ್ನೂ ಒಂದು ರೊಟ್ಟಿಯೂ ಹೋಗಿರಲಿಲ್ಲ.

ಕೊಪ್ಪಳ ಬರುವವರೆಗೆ ನಾನು ಕಿಟಕಿಯ ಕಡೆ ಮುಖ ಮಾಡಿಯೇ ಕುಳಿತೆ. ಹೋಗಿ ಕೇಳಿದರೆ ಅವಳು ಇಲ್ಲ ಅನ್ನುತ್ತಾಳೆ ಅಂತ ಗೊತ್ತಿತ್ತು. ಅವಳ ಸ್ವಭಾವವೇ ಹಾಗೆ, ಮೈ ಸುಡುವ ಜ್ವರ ಬಂದರೂ ಒಲೆಯ ಕಾವು ಅನ್ನುವವಳು. ಗಂಡನಿಗೂ ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಭಾವ ಅಷ್ಟು ಸಲೀಸಾಗಿ ಆಟೋ ಓಡಿಸಿಕೊಂಡು ಇರುತ್ತಿರಲಿಲ್ಲ. ಅವಳು ಆಪರೇಶನ್ ಬೇಡ ಅಂತ ಕುಳಿತರೆ ಏನು ಮಾಡುವುದು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಮರುದಿನ ಬೆಳಿಗ್ಗೆ ಎಲ್ಲರೂ ಪರಾತಿನ ಮುಂದೆ ಕುಳಿತ ಮೇಲೆ ನಾನೇ ಮೊದಲು ಬಾಯಿ ತೆರೆದೆ. ಆಪರೇಶನ್ನಿನ ವಿಷಯ ಏನಾಯಿತು, ಬಜಾರಿ ಹೂಂ ಅಂದಳಾ ಅಂತ ಕೇಳಿದೆ. ಇನ್ನೂ ಇಲ್ಲ, ಅವಳಿಗೆ ಮನಸ್ಸಿಲ್ಲ, ಒಬ್ಬಳೇ ಹೋಗಿ ಬರುವುದು ಸಾಕಾಗಿದೆ ಅಂದಳು ಅಕ್ಕ, ಹಂಚಿನಿಂದ ಕಣ್ಣೆತ್ತದೆ.

“ಒಬ್ಬಾಕಿನ ಯಾಕ ಹೋಗಬೇಕ್ರಿ?” ಅಂದೆ. “ಆಕಿಗೊಬ್ಬಾಕಿ ನೆಗೆಣ್ಣಿ ಇಲ್ಲೇನ್ರಿ?”

ರೊಟ್ಟಿ ಹಂಚಿನ ಮೇಲೆಯೇ ಉಳಿಯಿತು. ಸೀಯುವ ವಾಸನೆ ಬಂದು ಆಯಿ ಕೈ ಚಾಚಿ ತೆಗೆದಳು. ಅಕ್ಕ ನನ್ನ ಕಡೆ ನೋಡಿದಳು. ನಾನು ಬಡಿಯುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅಳು ಬರುತ್ತಿತ್ತು.

“ನೋಡಬೇಕು,” ಅಂದಳು. “ಇದ್ದರೂ ಇದ್ದಾಳು.”

ಮರುದಿನದ ಕಥೆಯಲ್ಲಿ ಬಜಾರಿಗೊಬ್ಬಳು ನೆಗೆಣ್ಣಿ ಬಂದಳು. ಇಷ್ಟು ದಿನ ಎಲ್ಲಿದ್ದಳು ಅಂತ ಕ್ಯಾಂಪಿನಾಕಿ ಕೇಳಿದರೆ, ತವರಿಗೆ ಹೋಗಿದ್ದಳು ಅಂದಳು ಅಕ್ಕ. ಅವಳು ಹೇಗಿದ್ದಾಳೆ ಅಂತ ಆಯಿ ಕೇಳಿದಳು. ಸಾದಾ ಹುಡುಗಿ, ರೊಟ್ಟಿ ಜರಡಿಯ ಹಾಗೆ ಬಡಿಯುತ್ತಾಳೆ, ಆದರೆ ಕಿವಿ ಚುರುಕು ಅಂದಳು.

ಆ ವಾರ ನಾವಿಬ್ಬರೂ ಕೂಡಿ ಗಂಗಾವತಿಗೆ ಹೋದೆವು. ಬಸ್ಸಿನಲ್ಲಿ ಅಕ್ಕನೇ ಮೊದಲು ಕೇಳಿದಳು.

“ಯಾವಾಗ ಗೊತ್ತಾತು?”

“ಸಿದ್ದಾಪುರದಾಗ್ರಿ.”

“ಟಿವಿ ನೋಡಿದಿ ಹೌದಲ್ಲ?”

“ಹೂಂರಿ.”

“ನೋಡಬಾರದಿತ್ತು,” ಅಂದಳು. “ಟಿವ್ಯಾಗ ಕಥಿ ಕೆಡಿಸ್ಯಾರ.”

ಆಮೇಲೆ ತಾನಾಗಿಯೇ ಹೇಳಿದಳು. ಬಜಾರಿ ಜಂಪರು ಝಾಡಿಸಿದ ಕಂತು ನೋಡಿದ ಮರುದಿನ ಬಚ್ಚಲಲ್ಲಿ ತಾನೂ ಸುಮ್ಮನೆ ಕೈ ಹಾಕಿ ನೋಡಿಕೊಂಡಳಂತೆ. ನಮಗೆ ನಗುತ್ತ ಕಥೆ ಹೇಳಿ, ಒಳಗೆ ಹೋಗಿ ಸ್ನಾನಕ್ಕೆ ನಿಂತಾಗ. ಆ ಕಂತು ಬರದಿದ್ದರೆ ಇನ್ನೂ ಎಷ್ಟು ದಿನ ತಿಳಿಯುತ್ತಿರಲಿಲ್ಲವೋ. ಈ ಒಂದು ಕಾರಣಕ್ಕೆ ಆ ಕೆಟ್ಟ ಹೆಂಗಸಿಗೆ ನಾನು ಇವತ್ತಿಗೂ ಋಣಿ.

ಭಾವನಿಗೆ ಹೇಳುವ ಕೆಲಸ ನನ್ನದಾಯಿತು. ಅವನು ಆಟೋದ ಗಾಜು ಒರೆಸುತ್ತಿದ್ದ, ಕೇಳಿಸಿಕೊಂಡು ಒರೆಸುತ್ತಲೇ ಇದ್ದ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ದಿನ ಗೊತ್ತಾಯಿತು. ಹೊರಡುವ ಹಿಂದಿನ ಬೆಳಿಗ್ಗೆಯೂ ಅಕ್ಕ ಶೆಡ್ಡಿಗೆ ಬಂದಳು. ಬಜಾರಿ ಚೀಲ ಕಟ್ಟಿಕೊಂಡಳು, ನೆಗೆಣ್ಣಿ ಉಪ್ಪಿಟ್ಟು ಕಟ್ಟಿಕೊಂಡಳು ಅಂತೆಲ್ಲ ಹೇಳಿ, ಹಿಟ್ಟು ತೀರುವ ಹೊತ್ತಿಗೆ ಅಂದಳು:

“ನಾಡಿದ್ದು ಆಕಿದು ಆಪರೇಶನ್. ನಂದೂ ನಾಡಿದ್ದನ.”

ಸ್ವಲ್ಪ ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಕ್ಯಾಂಪಿನಾಕಿ ಎರಡೂ ಕೈ ಹಿಟ್ಟಿನಲ್ಲಿ ಹಾಗೇ ಇಟ್ಟುಕೊಂಡು ಅಳಲು ಶುರು ಮಾಡಿದಳು. ಸತ್ತರೆ ಸಾಯಲಿ ಅಂದವಳು ಅವಳು. ಅದನ್ನು ಅಕ್ಕ ನೆನಪಿಸಲಿಲ್ಲ. “ಹಿಟ್ಟಿನಾಗ ಕಣ್ಣೀರ ಬೀಳಸಬ್ಯಾಡ,” ಅಂತ ಗದರಿದಳು. “ನಮ್ಮ ರೊಟ್ಟಿಗೆ ಉಪ್ಪು ಹಾಕಂಗಿಲ್ಲ ನಾವು.”

ಆಯಿ ಅಳಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, “ನಾ ಬಜಾರಿಗಂತ ಬೇಡ್ಕೊಂಡೀನಿ. ಯಾವ ಬಜಾರಿಗಂತ ದೇವಿಗೇನು ಹೇಳಿಲ್ಲ” ಅಂದಳು. ಅಕ್ಕ ಆ ಮಾತಿಗೆ ಎಷ್ಟು ನಕ್ಕಳೆಂದರೆ ಮನೆಯೊಳಗಿಂದ ನನ್ನ ಗಂಡ ಏನಾಯಿತು ಅಂತ ಬಂದು ನೋಡಿದ.

ಆಪರೇಶನ್ ಆಯಿತು. ಬಲಗಡೆಯದನ್ನು ತೆಗೆದರು. ಹುಬ್ಬಳ್ಳಿಗೆ ಹೋಗುವುದು ಬರುವುದು ಆ ವರ್ಷ ಬಹಳ ಸಲ ಆಯಿತು, ಯಾವಾಗಲೂ ರೈಲಿನಲ್ಲಿ. ತಳಕಲ್ ನಮ್ಮ ಗಂಡಂದಿರ ಹುಟ್ಟೂರು. ತಿರುಗಿ ಬರುವಾಗ ಅಲ್ಲಿ ರೈಲು ನಿಂತಾಗಲೆಲ್ಲ ಅಕ್ಕ ಕಿಟಕಿಯಿಂದ ತಲೆ ಹಾಕಿ, ಇನ್ನೇನು ಮನೆ ಬಂತು ಅನ್ನುವಳು. ಅಲ್ಲಿಂದ ಕೊಪ್ಪಳ ಹತ್ತಿರವೇನೂ ಅಲ್ಲ. ಆದರೂ ಅವಳಿಗೆ ತಳಕಲ್ ಬಂದರೆ ಮನೆ ಬಂದಂತೆ. ಔಷಧದ ದಿನಗಳಲ್ಲಿ ಬಾಯಿಗೆ ರುಚಿ ಇರುತ್ತಿರಲಿಲ್ಲ, ತಲೆಗೂದಲು ಹೋಯಿತು. ಕಿಟಕಿ ಪಕ್ಕದ ಸೀಟಿಗಾಗಿ ಜಗಳವಾಡುವ ಶಕ್ತಿ ಮಾತ್ರ ಹೋಗಲಿಲ್ಲ. ತಲೆಗೆ ಸೆರಗು ಹೊದ್ದುಕೊಂಡು ಅವಳು ಗಂಡಸರನ್ನು ಎಬ್ಬಿಸುವುದನ್ನು ನೋಡಿ ನಾನು ನಾಚಿಕೆಯಿಂದ ಬೇರೆ ಕಡೆ ತಿರುಗುತ್ತಿದ್ದೆ. ಈಗ ಆ ಸಾಲಿನ ರೈಲಿನಲ್ಲಿ ಕಿಟಕಿ ಸೀಟು ತಾನಾಗಿ ಸಿಕ್ಕರೂ ಕುಳಿತುಕೊಳ್ಳಲು ಮನಸ್ಸಾಗುವುದಿಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ ನಾಲ್ವರೂ ಹುಲಿಗಿಗೆ ಹೋದೆವು. ಹೊಳೆಯಲ್ಲಿ ಮುಖ ತೊಳೆದು, ಆಯಿ ತನ್ನ ಕೈಯಿಂದ ದೇವಿಗೆ ಉಡಿ ತುಂಬಿಸಿದಳು: ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಕೊಂಬು, ಒಂದು ಹಸಿರು ಖಣ. ಪ್ರಸಾದವಾಗಿ ತಿರುಗಿ ಬಂದ ಆ ಖಣವನ್ನು ಟಿವಿಯವಳಿಗೆ ಮುಟ್ಟಿಸುವುದು ಹೇಗೆ, ನೀನೇ ಇಟ್ಟುಕೋ ಅಂತ ಅಕ್ಕನ ಉಡಿಗೆ ಹಾಕಿದಳು. ಅಕ್ಕ ಅದರಲ್ಲಿ ಜಂಪರು ಹೊಲಿಸಿದಳು. ಟೇಲರ್ ಅಂಗಡಿಯಲ್ಲಿ ನಾಚಿಕೊಳ್ಳುತ್ತಾಳೆ ಅಂತ ನಾನೂ ಜೊತೆಗೆ ಹೋಗಿದ್ದೆ. ಅವಳೇನೂ ನಾಚಲಿಲ್ಲ. ಅಳತೆ ತೆಗೆದುಕೊಳ್ಳಲು ಬಂದ ಹುಡುಗಿಗೆ, ಕೆಲಸ ಅರ್ಧ ಐತಿ, ಕೂಲಿನೂ ಅರ್ಧ ತಗೋ ಅಂದಳು. ಆ ಹುಡುಗಿ ಅಳತೆ ಪಟ್ಟಿ ಹಿಡಿದುಕೊಂಡು ಅಳಬೇಕೋ ನಗಬೇಕೋ ತಿಳಿಯದೆ ನಿಂತಳು.

ಆಮೇಲಿನ ದಿನಗಳು ನನಗೆ ಬಹಳ ಪ್ರೀತಿಯವು. ಬಲಗೈಯಿಂದ ಬಡಿಯಬಾರದು ಅಂತ ಡಾಕ್ಟರ್ ಹೇಳಿದ್ದರು. ಅವಳು ಹಂಚಿನ ಮುಂದೆಯೇ ಕುಳಿತು ಕಥೆ ಹೇಳುತ್ತಿದ್ದಳು, ಬಡಿತ ನನ್ನದು. ಅವಳ ಮಾತು ನೋಡಿಕೊಂಡು ನಾನು ಜೋರು ಮಾಡಬೇಕು, ಮೆಲ್ಲಗೆ ಮಾಡಬೇಕು. ತಪ್ಪಿದರೆ ಕಥೆ ನಿಲ್ಲಿಸಿ ಬೈಯುವಳು. ಟಿವಿ ನೋಡುವುದನ್ನು ಅವಳು ಬಿಟ್ಟೇ ಬಿಟ್ಟಿದ್ದಳು. ಅದು ಈಗ ನಮ್ಮೆಲ್ಲರಿಗೂ ಗೊತ್ತಿತ್ತು, ಆದರೂ ಯಾರೂ ಅನ್ನಲಿಲ್ಲ. ಅವಳ ಬಜಾರಿ ಆಸ್ಪತ್ರೆಯ ನರ್ಸಮ್ಮನಿಗೆ ಗಂಡು ಹುಡುಕಿದಳು, ಡಾಕ್ಟರ್ ಕನ್ನಡಕ ಬದಲಿಸುವವರೆಗೆ ಔಷಧ ತೆಗೆದುಕೊಳ್ಳುವುದಿಲ್ಲ ಅಂತ ಹಟ ಹಿಡಿದಳು, ಬೋಳುತಲೆಗೆ ಹೂ ಮುಡಿಯಲು ಹೊರಟಳು. ನೆಗೆಣ್ಣಿ ಹಿಂದೆ ಹಿಂದೆ ಚೀಲ ಹೊತ್ತುಕೊಂಡು ಓಡಾಡುವಳು, ಎಲ್ಲ ಕಡೆ ಬಜಾರಿಯ ಪರವಾಗಿ ಕ್ಷಮೆ ಕೇಳುವಳು. ಅವಳನ್ನು ಮಾತ್ರ ಬಜಾರಿ ಯಾವತ್ತೂ ಹೊಗಳಲಿಲ್ಲ. ಒಂದು ಸಲ ಮಾತ್ರ, ನೀನು ಮಾಡುವ ಉಪ್ಪಿಟ್ಟು ಆಸ್ಪತ್ರೆಯದಕ್ಕಿಂತ ಅಡ್ಡಿಯಿಲ್ಲ ಅಂದಳಂತೆ. ಅದನ್ನು ಹೇಳುವಾಗ ಅಕ್ಕ ಬೇಕಂತಲೇ ನನ್ನ ಕಡೆ ನೋಡಲಿಲ್ಲ.

ಮುಂದಿನ ವರ್ಷ ಜೋಳದ ರಾಶಿಯ ಕಾಲಕ್ಕೆ ಅವಳಿಗೆ ಬೆನ್ನು ನೋವು ಶುರುವಾಯಿತು. ಹುಬ್ಬಳ್ಳಿಯವರು ನೋಡಿ, ಬೇನೆ ಎಲುಬಿಗೆ ಇಳಿದಿದೆ ಅಂದರು. ಮತ್ತೆ ಔಷಧ ಕೊಟ್ಟರು. ಹಿಡಿಯಲಿಲ್ಲ. ಅವಳಿಗೆ ಒಳಗೆ ಮಲಗಿರಲು ಆಗುತ್ತಿರಲಿಲ್ಲ. ಭಾವ ಮಂಚವನ್ನು ಶೆಡ್ಡಿಗೇ ತಂದು ಹಾಕಿದ. 

ಮಲಗಿಕೊಂಡೇ ಕಥೆ ಹೇಳುತ್ತಿದ್ದಳು. ದನಿ ಸಣ್ಣದಾಗಿತ್ತು, ಬಡಿತದಲ್ಲಿ ಮುಳುಗಿ ಹೋಗುತ್ತಿತ್ತು. ನಾನು ಕೈಯನ್ನು ಆದಷ್ಟು ಹಗುರ ಮಾಡಿ ಬಡಿಯುತ್ತಿದ್ದೆ, ಉಳಿದವರೂ ಹಾಗೇ. ಆ ದಿನಗಳ ರೊಟ್ಟಿ ದಪ್ಪ ಆಗಿರುತ್ತಿದ್ದವು. ಗಂಗಾವತಿಯವರು ಒಬ್ಬರೂ ದೂರು ಹೇಳಲಿಲ್ಲ.

ಕೊನೆಯ ಸಲ ಅವಳು ಹೇಳಿದ್ದು ರೈಲಿನ ಕಂತು. ಬಜಾರಿ ಮತ್ತು ನೆಗೆಣ್ಣಿ ಆಸ್ಪತ್ರೆ ಮುಗಿಸಿ ಮನೆಗೆ ಹೊರಟಿದ್ದಾರೆ. ಡಾಕ್ಟರು ಇನ್ನು ಬರುವುದು ಬೇಡ ಅಂದಿದ್ದಾರೆ. ಯಾಕೆ ಬೇಡ ಅಂದರು, ವಾಸಿಯಾಗಿದೆ ಅಂತಲೋ ಅಂತ ಆಯಿ ಕೇಳಿದಳು. ಅಕ್ಕ ಕಥೆಯನ್ನು ಮುಂದಕ್ಕೆ ಒಯ್ದಳು. ಕಿಟಕಿ ಸೀಟಿಗೆ ಬಜಾರಿ ಒಬ್ಬ ಸಾಹುಕಾರನನ್ನು ಎಬ್ಬಿಸಿದ್ದನ್ನು ವಿಸ್ತಾರವಾಗಿ ಹೇಳಿದಳು. ಗದಗ ಬಿಟ್ಟಿತು. ಬಂದು ತಳಕಲ್ಲಿನಲ್ಲಿ ಕ್ರಾಸಿಂಗಿಗೆ ಅಂತ ರೈಲು ನಿಂತಿತು.

“ಸೀರಿಯಲ್ಲಿನಾಗ ತಳಕಲ್ ಹೆಂಗ ಬಂತ್ರಿ ಅಕ್ಕಾ?” ಅಂದಳು ಕ್ಯಾಂಪಿನಾಕಿ. ಬಹಳ ದಿನಗಳ ಮೇಲೆ ಅವಳು ಹಾಗೆ ಕೆಣಕಿದ್ದು.

“ಶೂಟಿಂಗ್ ಎಲ್ಲೆರ ಮಾಡ್ತಾರವ್ವ ಅವರು,” ಅಂದಳು ಅಕ್ಕ.

ನಾವು ನಕ್ಕೆವು. ಅವಳು ಕಣ್ಣು ಮುಚ್ಚಿದಳು. ದಣಿದಳು ಅಂತ ನಾವು ಬಡಿತವನ್ನು ಇನ್ನೂ ಹಗುರ ಮಾಡಿದೆವು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆಯದೆಯೇ, “ಹಿಟ್ಟು ಮುಗೀತು, ಏಳ್ರಿ” ಅಂದಳು.

ಪರಾತಿನಲ್ಲಿ ಹಿಟ್ಟು ಇನ್ನೂ ಇತ್ತು. ನಾವು ಅದನ್ನು ಅವಳಿಗೆ ಹೇಳಲಿಲ್ಲ, ಎದ್ದೆವು. ಎರಡು ದಿನ ಅವಳು ಮಾತಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅದೇ ಮಂಚದ ಮೇಲೆ ಹೋದಳು.

ಶೆಡ್ಡು ನಡೆಯುತ್ತಿದೆ. ಭಾವ ಅದೇ ಆಟೋ ಓಡಿಸುತ್ತಾನೆ. ಸೀದ ರೊಟ್ಟಿಯನ್ನು ಆಯಿ ಈಗಲೂ ಬೇರೆ ಬುಟ್ಟಿಯಲ್ಲಿ ಹಾಕುತ್ತಾಳೆ. ಆ ಬುಟ್ಟಿ ಈಗ ತುಂಬುವುದಿಲ್ಲ, ನಾವು ಯಾರೂ ರೊಟ್ಟಿ ಸೀಯಗೊಡುವುದಿಲ್ಲ. ಕ್ಯಾಂಪಿನಾಕಿ ತನ್ನ ಅತ್ತೆಯ ಜೊತೆ ನೋಡಿದ ತೆಲುಗು ಕಥೆಯನ್ನು ಒಂದೆರಡು ಬೆಳಿಗ್ಗೆ ಹೇಳಲು ನೋಡಿದಳು. ನಾವೂ ಹೂಂ ಅಂದೆವು. ಆಮೇಲೆ ಅವಳೇ ಬಿಟ್ಟಳು.

ಟಿವಿಯಲ್ಲಿ ಆ ಧಾರಾವಾಹಿ ಹೋದ ತಿಂಗಳು ಮುಗಿಯಿತು. ಕೊನೆಯ ಕಂತನ್ನು ನಾನು ನೋಡಿದೆ, ಗಂಡ ತಾನಾಗಿಯೇ ರಿಮೋಟ್ ಕೊಟ್ಟ. ತಂಗಿಯ ಮದುವೆಯಾಯಿತು, ಅತ್ತೆ ಕ್ಷಮಿಸಿದಳು, ಬಜಾರಿ ಒಳ್ಳೆಯವಳಾದಳು. ಆ ಮನೆಯಲ್ಲಿ ನೆಗೆಣ್ಣಿ ಇರಲಿಲ್ಲ.

ಅಕ್ಕನ ಕಥೆಯಲ್ಲಿ ರೈಲು ತಳಕಲ್ಲಿನಲ್ಲಿ ನಿಂತಿತ್ತು. ಅದು ಅಲ್ಲಿಂದ ಹೊರಟದ್ದನ್ನು ಅವಳು ಹೇಳಲಿಲ್ಲ.